ಹಿಸ್ಸೆಯಾದ ಎಂಜಿನ್

ಗೋಕಾಕ, ೧೨ ಜೂನ್ ೧೯೩೮, ರವಿವಾರ

ಈ ನೋಟಬುಕ್ಕು ಕೊಂಡದ್ದು ಹೆಂಡತಿಯ ಸಲಹೆಯ ಮೇಲೆ. ಬೆಳಗಿನಿಂದ ಕಾರ್ಖಾನೆಯಲ್ಲಿ ನಾನೊಬ್ಬನೇ ಬಯ್ದುಕೊಂಡು ಓಡಾಡುವುದನ್ನು ನೋಡಿ ತಾರಾಬಾಯಿ, "ಹಿಂಗ ಗ್ವಾಡಿಗೆ ಬಯ್ಯೂದಕ್ಕಿಂತ ಕಾಗದದ ಮ್ಯಾಲ ಬರೀರಿ. ಪಂಪ ರಿಪೇರಿಗೆ ಬಂದಾಂವ ಅಂಜಿ ಹೊಳ್ಳಿ ಹೋದಾ" ಎಂದಳು. ಅವನು ಅಂಜಿದ್ದು ನನ್ನ ಮೀಸೆಗೆ ಇರಬೇಕು. ಆದರೂ ಬರೆಯುತ್ತಿದ್ದೇನೆ.

ಬಯ್ಗುಳಕ್ಕೆ ಕಾರಣ ಅಲ್ಲಪ್ಪ. ಹುಕ್ಕೇರಿಗೂ ಗೋಕಾಕಕ್ಕೂ ಬೆಲ್ಲದ ಲಾರಿ ಓಡಿಸುತ್ತಾನೆ, ಬೆಲ್ಲದ ಜೊತೆಗೆ ಸುದ್ದಿಯನ್ನೂ ಹೇರಿಕೊಂಡು ಬರುತ್ತಾನೆ. "ಕುಂಥಪ್ಪಣ್ಣಾರ, ನಿಮ್ಮ ಅಣ್ಣಾರು ನಿನ್ನೆ ಚಾದಂಗಡ್ಯಾಗ ಎಲ್ಲಾರ ಮುಂದ ಅಂದ್ರು ನೋಡ್ರಿ, ಆ ಎಂಜಿನ್ ಕುಂಥೂನ ಕೈಯಾಗ ಏಳೂದ ದೂರ ಉಳೀತು, ಕೆಮ್ಮೂದ ಸುದ್ದಾ ಇಲ್ಲ ಅಂತ."

ಅಣ್ಣ ಎಂದರೆ ಹುಕ್ಕೇರಿಯವರು. ಅವರ ಹೆಸರನ್ನು ಈ ನೋಟಬುಕ್ಕಿನಲ್ಲಿ ಬರೆಯುವುದಿಲ್ಲ. ಶಾಯಿ ದಂಡ.

ಎಂಜಿನ್ನಿನ ಕಥೆ ಇಷ್ಟು. ೧೯೨೧ರಲ್ಲಿ ನಮ್ಮ ಅಪ್ಪ, ತನ್ನ ದೇಶಕ್ಕೆ ಮರಳುತ್ತಿದ್ದ ಒಬ್ಬ ಇಂಗ್ಲಿಷ್ ಸಾಹೇಬನಿಂದ ಒಂದು ಕೆಂಪು ರೇಸ್ ಕಾರು ಕೊಂಡ. ಯುದ್ಧಕ್ಕೂ ಮೊದಲು ಅದು ವಿಲಾಯತಿಯಲ್ಲಿ ಪಂದ್ಯ ಓಡಿತ್ತಂತೆ. ಅಪ್ಪನಿಗೆ ಪಂದ್ಯ ಬೇಕಿರಲಿಲ್ಲ. ಅದರ ಎಂಜಿನ್ನಿಗೆ ಪಟ್ಟಾ ಹಾಕಿ ಹಿಟ್ಟಿನ ಗಿರಣಿ ತಿರುಗಿಸುವ ಆಲೋಚನೆ ಇತ್ತು. ಆ ಗಿರಣಿ ಅಪ್ಪ ಇರುವವರೆಗೂ ಏಳಲಿಲ್ಲ, ಹೀಗಾಗಿ ನಾವು ಅಣ್ಣತಮ್ಮಂದಿರು ಐದು ವರ್ಷ ಆ ಕಾರು ಓಡಿಸಿದೆವು. ೧೯೨೬ರಲ್ಲಿ ಒಂದು ದಿನ ನಾನೊಬ್ಬನೇ ಸಂಕೇಶ್ವರದ ರಸ್ತೆಗೆ ಒಯ್ದಾಗ ಎಣ್ಣೆಯ ಕೊಳವೆ ಒಡೆದು ಎಂಜಿನ್ ಹಿಡಿದುಕೊಂಡು ನಿಂತೇಬಿಟ್ಟಿತು. ಕೊಳವೆ ಒಡೆದರೆ ನಾನೇನು ಮಾಡಲಿ? ಅವರು ನಂಬಲಿಲ್ಲ. ಎಣ್ಣೆ ನೋಡದೆ ಓಡಿಸಿದ್ದೀ ಎಂದು ಇಡೀ ಓಣಿಯ ಮುಂದೆ ಕಪಾಳಕ್ಕೆ ಹೊಡೆದರು. ನನಗಾಗ ಮೂವತ್ತಾರು ವರ್ಷ.

ಮೂರು ತಿಂಗಳಲ್ಲಿ ಮನೆ ಬೇರೆಯಾಯಿತು. ಪಂಚರು ಬಹಳ ನ್ಯಾಯವಂತರು. ಎತ್ತು ಸಮ, ಹೊಲ ಸಮ, ಹಂಡೆ ಸಮ ಮಾಡಿದರು. ರಿಪೇರಿಗೆ ಬಿಚ್ಚಿಟ್ಟಿದ್ದ ಎಂಜಿನ್ನನ್ನೂ ಗೋಣಿಯ ಮೇಲೆ ಹರವಿ ಸಮ ಮಾಡಿದರು. ಒಂದು ಬದಿ ತೆರೆದ ಡಬ್ಬಿಯಂಥ ಪಿಸ್ಟನ್ ನಾಲ್ಕು, ಎರಡೆರಡು. ವಾಲ್ವ್ ಎಂಟು, ನಾಲ್ಕು ನಾಲ್ಕು. ಇವನ್ನೆಲ್ಲ ಹಿಡಿದಿಡುವ ಬ್ಲಾಕನ್ನು ಅಡ್ಡ ಕೊಯ್ಯಲು ಬರುತ್ತದೆಯೇ ಎಂದು ಒಬ್ಬರು ಕೇಳಿದರು. ಬರುವುದಿಲ್ಲವೆಂದು ತಿಳಿದ ಮೇಲೆ ಅದು ನನಗೆ ಬಂತು, ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಅವರಿಗೆ ಹೋಯಿತು. ಅರ್ಧ ಎಂಜಿನ್ ಯಾರಿಗೂ ಉಪಯೋಗವಿಲ್ಲ ಎಂದು ಅಲ್ಲಿ ಬಲ್ಲವರು ಇಬ್ಬರೇ, ನಾನು ಮತ್ತು ಅವರು. ಇಬ್ಬರೂ ಬಾಯಿ ಬಿಡಲಿಲ್ಲ.

ಅದೇ ದಿನ ಬಸದಿಯಲ್ಲಿ ನೇಮ ಹಿಡಿದೆ: ಈ ಎಂಜಿನ್ ಏಳುವವರೆಗೆ ಬೆಲ್ಲ ಮುಟ್ಟುವುದಿಲ್ಲ. ಆಮೇಲೆ ಹೊಟ್ಟೆಪಾಡಿಗೆ ಬಂದು ಸೇರಿದ್ದು ಗೋಕಾಕಕ್ಕೆ! ಹನ್ನೆರಡು ವರ್ಷದಿಂದ ಬೆಲ್ಲದ ಕರದಂಟು ಮಾರುವ ಅಂಗಡಿಗಳ ಮುಂದೆ ಉಸಿರು ಹಿಡಿದು ನಡೆಯುತ್ತಿದ್ದೇನೆ.

ಅಲ್ಲಪ್ಪ ಹೋಗುವಾಗ ಇನ್ನೊಂದು ಸುದ್ದಿ ಇಳಿಸಿ ಹೋದ. ಹುಕ್ಕೇರಿಯವರ ಎಡಗಿವಿ ಪೂರ್ತಿ ಹೋಗಿದೆಯಂತೆ. ಬಲಗಿವಿ ದೀಪಾವಳಿ ಕಂಡರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದಾರಂತೆ. ಇದು ದೊಡ್ಡ ಮೋಸ. ಕಿವಿ ಹೋದ ಮೇಲೆ ನನ್ನ ಎಂಜಿನ್ ಕೂಗಿದರೆ ಅವರಿಗೆ ಸೋಲಾಗುವುದು ಹೇಗೆ? ದೀಪಾವಳಿಯೊಳಗೆ ಎಬ್ಬಿಸಬೇಕು, ಅವರು ತಮ್ಮ ಕಿವಿಯಾರೆ ಕೇಳಬೇಕು.

ಗೋಕಾಕ, ೨೮ ಜೂನ್

ಮುಂಬಯಿಯ ಬಿಡಿಭಾಗದ ವ್ಯಾಪಾರಿಯಿಂದ ಉತ್ತರ ಬಂತು. ನಾನು ಕೇಳಿದ ಪಿಸ್ಟನ್ನು, ವಾಲ್ವು ಇಪ್ಪತ್ತನಾಲ್ಕು ವರ್ಷದಿಂದ ತಯಾರಾಗಿಲ್ಲ. ತಯಾರಿಸಿದ ಕಂಪನಿಯೇ ಮುಚ್ಚಿದೆ. ಕೊನೆಯಲ್ಲಿ, ಇಂಥ ಎಂಜಿನ್ ನಿಮ್ಮ ಊರಿಗೆ ಬಂದದ್ದು ಹೇಗೆ ಎಂದು ಕೇಳಿದ್ದಾರೆ. ಅದು ಅವರಿಗೆ ಬೇಡವಾದ ವಿಷಯ.

ಅಂದರೆ ಬೇಕಾದದ್ದೆಲ್ಲ ಜಗತ್ತಿನಲ್ಲಿ ಒಂದೇ ಕಡೆ ಇದೆ, ಹುಕ್ಕೇರಿಯ ಒಂದು ಮನೆಯಲ್ಲಿ. ಅಲ್ಲಿಗೆ ನಾನು ಕಾಲಿಡುವುದಿಲ್ಲ. ಮೂಡಲಗಿಯಲ್ಲಿರುವ ಜಿನ್ನವ್ವ ಅಕ್ಕನನ್ನು ಮುಂದೆ ಮಾಡಿ ತರಿಸಬೇಕು. ಅಕ್ಕ ನಮ್ಮಿಬ್ಬರಿಗೂ ಹಿರಿಯಳು, ಅವಳ ಮಾತು ಅವರು ತೆಗೆದುಹಾಕುವುದಿಲ್ಲ.

ಮೂಡಲಗಿ, ೩ ಜುಲೈ

ಅಕ್ಕನ ಹಲ್ಲೆಲ್ಲ ಬಿದ್ದಿವೆ. ನಾಲಿಗೆ ಮಾತ್ರ ಇದ್ದಲ್ಲೇ ಇದೆ.

ಬಾಗಿಲಲ್ಲಿ ನಿಂತಾಗ ಅವಳು ಎಲೆ ಅಡಿಕೆ ಕುಟ್ಟುತ್ತಿದ್ದಳು. ಟಣ್ ಟಣ್ ಎನ್ನುವ ಸದ್ದು ಎಲ್ಲೋ ಕೇಳಿದಂತಿತ್ತು. ಬಗ್ಗಿ ನೋಡಿದರೆ ಕುಟ್ಟಾಣಿಯೆಂದು ಅವಳು ಕಾಲ ನಡುವೆ ಹಿಡಿದದ್ದು ನಮ್ಮ ಎಂಜಿನ್ನಿನ ಮೂರನೆಯ ಪಿಸ್ಟನ್, ತಲೆಕೆಳಗಾಗಿ! ಪಕ್ಕದ ತೂತುಗಳಿಗೆ ಅರಗು ತುಂಬಿದ್ದಾಳೆ.

"ಹಲ್ಲ ಹೋದಾಗ ಪಾಯಪ್ಪನ ಕೊಟ್ಟಾ" ಎಂದಳು. (ಹೆಸರು ಬರೆಯಬೇಕಾಯಿತು. ಅಕ್ಕ ಹೇಳಿದ್ದು, ನನ್ನದಲ್ಲ.) ನಾನು ಅದನ್ನು ಕೇಳಿದ ಕೂಡಲೇ ಸೆರಗಿನಲ್ಲಿ ಮುಚ್ಚಿಕೊಂಡಳು. "ಏನೋ ಕುಂಥೂ, ನಾ ಸತ್ತೇನೋ ಇದ್ದೇನೋ ಅಂತ ನೋಡಾಕ ಬರದಾಂವ, ಕುಟ್ಟಾಣಿ ಇಸಗೊಳ್ಳಾಕ ಬಂದಿ?"

ಹಿತ್ತಾಳೆಯದು ಮಾಡಿಸಿಕೊಡುತ್ತೇನೆಂದೆ. ಮೊದಲು ತಾ, ಕುಟ್ಟಿ ನೋಡಿ ಹೇಳುತ್ತೇನೆಂದಳು. ಎರಡನೆಯ ಪಿಸ್ಟನ್ ಎಲ್ಲಿದೆ ಎಂದು ಕೇಳಿದರೆ ನಗಲು ಶುರು ಮಾಡಿದಳು. ಅದು ತುಕ್ಕಾನಟ್ಟಿಯಲ್ಲಿ ಶೆಟ್ಟೆವ್ವನ ಎಮ್ಮೆಯ ಕೊರಳಲ್ಲಿದೆ.

ಹೊತ್ತು ಮುಳುಗುವುದರೊಳಗೆ ಊಟಕ್ಕೆ ಹಾಕಿದಳು. ಹೋಳಿಗೆ ಇರಲಿಲ್ಲ. "ಒಬ್ಬಾಂವ ಬೆಲ್ಲ ಬಿಟ್ಟಿ, ಪಾಯಪ್ಪ ತುಪ್ಪ ಬಿಟ್ಟಾನ, ಅದಕ್ಕೂ ಹನ್ನೆರಡ ವರ್ಷ ಆತು. ನಿಮ್ಮಿಬ್ಬರ ಸಲುವಾಗಿ ನಾ ಹೋಳಿಗಿ ಮಾಡೂದ ಬಿಟ್ಟೇನಿ" ಎಂದಳು. ಹುಕ್ಕೇರಿಯವರು ತುಪ್ಪ ಏಕೆ ಬಿಟ್ಟರೆಂದು ನಾನು ಕೇಳಲಿಲ್ಲ. ಪಿತ್ತ ಹೆಚ್ಚಾಗಿರಬೇಕು.

ಮೂಡಲಗಿ, ೭ ಜುಲೈ

ಮೊದಲನೆಯ ಕುಟ್ಟಾಣಿ: ಹಗುರ ಎಂದಳು.
ಎರಡನೆಯದು: ಅಡಿಕೆ ಸಿಡಿಯುತ್ತದೆ ಎಂದಳು.
ಮೂರನೆಯದು: ಸದ್ದು ಸರಿಯಿಲ್ಲ ಎಂದಳು. ಕುಟ್ಟಾಣಿಗೆ ಎಂಥ ಸದ್ದು!

ತುಕ್ಕಾನಟ್ಟಿ, ೧೦ ಜುಲೈ

ಶೆಟ್ಟೆವ್ವ ಅಕ್ಕನ ಹೊಲ ಮಾಡುವ ಹೆಂಗಸು, ಗಟ್ಟಿಗಿತ್ತಿ. ಅವಳ ಎಮ್ಮೆ ಅವಳಿಗಿಂತ ಗಟ್ಟಿಗಿತ್ತಿ. ಪಿಸ್ಟನ್ನಿನ ತೂತಿಗೆ ಸರಪಳಿ ಪೋಣಿಸಿ, ಒಳಗೆ ಕಬ್ಬಿಣದ ನಾಲಿಗೆ ಇಳಿಬಿಟ್ಟು ಚಂದದ ಗಂಟೆ ಮಾಡಿದ್ದಾರೆ. ಮಾಡಿದವರು ಯಾರೆಂದು ಕೇಳಬೇಕಾಗಿರಲಿಲ್ಲ. ಸರಪಳಿಯ ಕೊಂಡಿಯನ್ನು ಎಡಕ್ಕೆ ಮಡಚುವವರು ಈ ಸೀಮೆಯಲ್ಲಿ ಒಬ್ಬರೇ.

"ಒಯ್ಯಾಕ ನಂದೇನ ಅಡ್ಡಿ ಇಲ್ರಿ ಯಪ್ಪಾ" ಎಂದಳು ಶೆಟ್ಟೆವ್ವ. "ಆದ್ರ ಈ ಸಪ್ಪಳಾ ಕೇಳದ ಇಕಿ ಹಾಲ ತೊರಿಯಂಗಿಲ್ಲ. ನೀವ ಕೇಳ್ರಿ ಆಕೀನ್ನ."

ಕಂಚಿನ ಹೊಸ ಗಂಟೆ ಕಟ್ಟಿದೆ. ಎಮ್ಮೆ ನನ್ನನ್ನು ನೋಡಿತು, ಚರಿಗೆಯನ್ನು ನೋಡಿತು, ಚರಿಗೆಯನ್ನು ಒದೆಯಿತು.

ತುಕ್ಕಾನಟ್ಟಿ, ೧೩ ಜುಲೈ

ಉಪಾಯ ಹೊಳೆಯಿತು. ಹೊಸ ಬೇರಿಂಗನ್ನು ಒಮ್ಮೆಲೇ ಜೋರಾಗಿ ಓಡಿಸಬಾರದು, ಮೆಲ್ಲಗೆ ರೂಢಿ ಮಾಡಬೇಕು. ಎಮ್ಮೆಗೂ ಹಾಗೆಯೇ. ಎರಡೂ ಗಂಟೆ ಒಟ್ಟಿಗೆ ಕಟ್ಟಿದ್ದೇನೆ. ದಿನಕ್ಕೊಂದು ಸುತ್ತು ಬಟ್ಟೆಯನ್ನು ಪಿಸ್ಟನ್ನಿನ ನಾಲಿಗೆಗೆ ಸುತ್ತುತ್ತೇನೆ. ಹಳೆಯ ಸದ್ದು ಸಣ್ಣಗಾಗುತ್ತದೆ, ಹೊಸದು ಉಳಿಯುತ್ತದೆ. ಹಾಲು ಕರೆಯುವ ಹೊತ್ತಿಗೆ ನಾನು ಎಮ್ಮೆಯ ಕೊರಳು ಅಲುಗಿಸುತ್ತ ನಿಲ್ಲಬೇಕು. ಊರಿನವರು ನೋಡಲು ಬರುತ್ತಿದ್ದಾರೆ.

ಕೆಲಸವಿಲ್ಲದ ಹೊತ್ತು ಹೊಲದ ಬದುವಿನಲ್ಲಿ ಕುಳಿತಿರುತ್ತೇನೆ. ಎಂಜಿನ್ನಿನ ಮಾತು ಕೇಳುವುದು ನನಗೆ ಕಲಿಸಿದ್ದು ಹುಕ್ಕೇರಿಯವರೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ತಾಗಿಸಿ, ಕಟ್ಟಿಗೆಯ ಹಿಡಿಯನ್ನು ಕಿವಿಗೆ ಒತ್ತಿಕೊಳ್ಳಬೇಕು. ಯಾವ ವಾಲ್ವ್ ಸಡಿಲ, ಯಾವುದು ಬಿಗಿ, ಎಲ್ಲ ತಿಳಿಯುತ್ತದೆ. ನನಗೆ ಎರಡು ಕೇಳಿದರೆ ಅವರಿಗೆ ಐದು ಕೇಳುತ್ತಿತ್ತು. ಇದನ್ನು ಹೊಗಳಿಕೆಯೆಂದು ಬರೆಯುತ್ತಿಲ್ಲ, ಇದ್ದದ್ದನ್ನು ಬರೆಯುತ್ತಿದ್ದೇನೆ.

ಮೂಡಲಗಿ, ೧೯ ಜುಲೈ

ಎಮ್ಮೆ ಸೋತಿತು. ಶೆಟ್ಟೆವ್ವ ಪಿಸ್ಟನ್ನನ್ನು ಬೂದಿಯಿಂದ ತಿಕ್ಕಿ, ಅರಿಶಿನ ಕುಂಕುಮ ಹಚ್ಚಿ ಕೊಟ್ಟಳು. "ಪಾಯಪ್ಪಣ್ಣಾರಿಗೆ ಭೆಟ್ಟಿ ಆದ್ರ ಹೇಳ್ರಿ, ನಾಕ ವರ್ಷ ಒಂದಿನಾನೂ ಹಾಲ ತಪ್ಪಿಲ್ಲ ಅಂತ." ಹೇಳುತ್ತೇನೆ ಎಂದುಬಿಟ್ಟೆ. ಯಾವ ಬಾಯಿಂದ ಹೇಳಲಿ?

ಅಕ್ಕನ ನಾಲ್ಕನೆಯ ಕುಟ್ಟಾಣಿ ಪಾಸಾಯಿತು. ಪಾಸಾದದ್ದು ಕುಟ್ಟಾಣಿಯಲ್ಲ, ನಾನು ಹದಿನಾರು ದಿನ ಅವಳ ಮನೆಯಲ್ಲಿ ಉಂಡದ್ದು ಎಂದು ನನಗೆ ಗುಮಾನಿ. ಹೊರಡುವಾಗ ಪಿಸ್ಟನ್ನನ್ನು ಒಮ್ಮೆ ಮೂಸಿ ನೋಡಿ ಕೊಟ್ಟಳು. ಎಲೆ ಅಡಿಕೆಯ ವಾಸನೆ ಬಡಿಯುತ್ತದೆ. ಒಳಗೆ ಎಷ್ಟು ಕುಟ್ಟಿದ್ದರೂ ಚಿಂತೆಯಿಲ್ಲ, ಹೊರಮೈ ಕನ್ನಡಿಯ ಹಾಗಿದೆ.

ಗೋಕಾಕ, ೩ ಆಗಸ್ಟ್

ಪಂಚಮಿಗೆಂದು ಮೂಡಲಗಿಗೆ ಅಕ್ಕನ ಮನೆಗೆ ಹೋಗಿದ್ದ ತಾರಾಬಾಯಿ ಇವತ್ತು ಬಂದಳು. ಬುಟ್ಟಿಯಲ್ಲಿ ಬೆಲ್ಲದ ಉಂಡಿ. ಉಂಡಿಯ ಕೆಳಗೆ ಒಂದು ಹೊಸ ಖಣ. ಖಣದೊಳಗೆ ನಾಲ್ಕು ವಾಲ್ವ್!

ಎಲ್ಲಿಂದ ಬಂದವು ಎಂದೆ. ಆಮೇಲೆ ಒಂದೊಂದೇ ಹೊರಬಿತ್ತು. ಪ್ರತಿ ಪಂಚಮಿಗೆ ನನ್ನ ಹೆಂಡತಿ ಮತ್ತು ಹುಕ್ಕೇರಿಯವರ ಹೆಂಡತಿ, ನನ್ನ ವೈನಿ, ಇಬ್ಬರೂ ಅಕ್ಕನ ಮನೆಯಲ್ಲಿ ಕೂಡುತ್ತಾರೆ, ಜೋಕಾಲಿ ಆಡುತ್ತಾರೆ, ನಮ್ಮಿಬ್ಬರನ್ನೂ ಬಯ್ದು ಹಗುರಾಗಿ ಬರುತ್ತಾರೆ. ಹನ್ನೆರಡು ವರ್ಷದಿಂದ ನಡೆದಿದೆ.

"ನನಗ ಹೇಳಬೇಕಿಲ್ಲೇನ?" ಎಂದೆ.

"ನೀವ ಯಾವತ್ತರ ಕೇಳೀರೇನ?" ಎಂದಳು.

ವಾಲ್ವ್ ಎಂದರೆ ಅಣಬೆಯಂತೆ ಅಗಲ ತಲೆಯ ಮೊಳೆ. ವೈನಿ ಅವನ್ನು ಪಡಸಾಲೆಯ ಗೋಡೆಗೆ ಬಡಿದು ಅಂಗಿ ರುಮಾಲು ತೂಗುಹಾಕುತ್ತಿದ್ದರಂತೆ. ಅವನ್ನು ಕಿತ್ತ ದಿನ ಪಾಯಪ್ಪಣ್ಣ, ಹುಕ್ಕೇರಿಯವರು, ಮನೆಗೆ ಬಂದು ರುಮಾಲು ತೆಗೆದು ಗೋಡೆಗೆ ಹಾಕಿದರಂತೆ, ಅದು ನೆಲಕ್ಕೆ ಬಿತ್ತಂತೆ. ಗೋಡೆ ನೋಡಿದರಂತೆ. ರುಮಾಲು ಎತ್ತಿ ಝಾಡಿಸಿ ಮಡಿಲಲ್ಲಿ ಇಟ್ಟುಕೊಂಡು ಕುಳಿತರಂತೆ.

ತಾರಾಬಾಯಿ ಉಂಡಿ ತಿನ್ನುವಾಗ ಅತ್ತ ತಿರುಗಿ ತಿಂದಳು. ಒಳ್ಳೆಯ ಹೆಂಗಸು.

ಗೋಕಾಕ, ೧೧ ಆಗಸ್ಟ್

ವಾಲ್ವ್ ಉಜ್ಜಿ ಕೂಡಿಸಿದೆ. ಪಿಸ್ಟನ್ನಿಗೆ ಹೊಸ ರಿಂಗುಗಳನ್ನು ಬೀಡು ಕಬ್ಬಿಣದಲ್ಲಿ ನಾನೇ ಕಡೆದೆ. ಸಂಕೇಶ್ವರದ ರಸ್ತೆಯಲ್ಲಿ ಒಡೆದ ಆ ಎಣ್ಣೆಯ ಕೊಳವೆಯೊಂದು ಉಳಿದಿತ್ತು. ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆ. ಒಂದು ತುದಿ ಮುಚ್ಚಿ ಊದಿದೆ. ನೀರಲ್ಲಿ ಮುಳುಗಿಸಿ ಊದಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಬೆಸೆದ ಗುರುತೂ ಇಲ್ಲ.

ಹನ್ನೆರಡು ವರ್ಷದಲ್ಲಿ ತಾನಾಗಿಯೇ ಕೂಡಿಕೊಂಡಿರಬೇಕು.

ಊಟಕ್ಕೆ ಕರೆದಳು. ಹಸಿವಿಲ್ಲ ಎಂದೆ.

ಗೋಕಾಕ, ೨೦ ಆಗಸ್ಟ್

ಉಳಿದದ್ದು ಮ್ಯಾಗ್ನೆಟೊ ಒಂದೇ. ಅದು ಪಾಯಪ್ಪಣ್ಣನ ಟ್ರಂಕಿನಲ್ಲಿದೆ, ಬೀಗದ ಕೈ ಅವರ ಉಡುದಾರದಲ್ಲಿ. ವೈನಿಯ ಕೈಯೂ ಅಲ್ಲಿಗೆ ನಡೆಯುವುದಿಲ್ಲ. ಇರಲಿ, ಬೇರೆಯದನ್ನು ಕೂಡಿಸುತ್ತೇನೆಂದು ಹತ್ತಿ ಗಿರಣಿಯ ಹಳೆಯ ಆಯಿಲ್ ಎಂಜಿನ್ನಿನದನ್ನು ತಂದು ಹಚ್ಚಿದೆ. ಈಗ ಹ್ಯಾಂಡಲ್ ತಿರುವಿ ನೋಡಿ ಬಂದು ಉಳಿದದ್ದು ಬರೆಯುತ್ತೇನೆ.

ಗೋಕಾಕ, ೨೩ ಆಗಸ್ಟ್

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಹ್ಯಾಂಡಲ್ ಹಿಂದಕ್ಕೆ ಒದೆಯಿತು. ಬಲ ಮಣಿಕಟ್ಟು ಬಾತಿದೆ.

೨೪

ತಾರಾಬಾಯಿ ತುತ್ತು ಮಾಡಿ ಉಣಿಸಿದಳು. ನಗುತ್ತಾಳೆ.

೨೬

ನೋವು.

ಗೋಕಾಕ, ೨೯ ಆಗಸ್ಟ್

ಬಲಗೈಯಲ್ಲಿ ಪೆನ್ನು ಹಿಡಿಯಬಹುದು, ಹ್ಯಾಂಡಲ್ ಹಿಡಿಯುವಂತಿಲ್ಲ. ತಪ್ಪು ತಿಳಿಯಿತು. ಆ ಮ್ಯಾಗ್ನೆಟೊ ತಿರುಗುವುದು ಎಡಕ್ಕೆ, ನಮ್ಮದು ಬಲಕ್ಕೆ. ಕಿಡಿ ಬರಬೇಕಾದ ಹೊತ್ತನ್ನು ಪಾಯಪ್ಪಣ್ಣ ತನ್ನ ಕಿವಿಯಿಂದಲೇ ಗೊತ್ತು ಮಾಡಿ ಗೀಚಿಟ್ಟಿದ್ದ. ಆ ಗೀಚು ಅವನ ಮ್ಯಾಗ್ನೆಟೊ ಮೇಲಿದೆ, ಬೇರೆಲ್ಲೂ ಇಲ್ಲ.

ಅಲ್ಲಪ್ಪ ಬಂದಿದ್ದ. ಮೊದಲಿನ ಹಾಗೆ ಸುದ್ದಿ ಇಳಿಸಲಿಲ್ಲ. ನಾನೇ ಕೇಳಿದೆ. "ಮೊನ್ನೆ ಹಿಂದಿನಿಂದ ಹಾರ್ನ ಹೊಡದೇನ್ರಿ, ನಿಮ್ಮ ಅಣ್ಣಾರು ಸರೀಲಿಲ್ಲ. ಲಾರಿ ನಿಂದ್ರಿಸಿ ಇಳದ ಹೋಗಿ ಕೈ ಹಿಡದ ಬಾಜೂಕ ಕರಕೊಂಡ ಬಂದ್ನಿ" ಎಂದ.

ದೀಪಾವಳಿ ಎಂದಿದ್ದರು ಡಾಕ್ಟರು. ಇದಿನ್ನೂ ಭಾದ್ರಪದ.

ನಾಳೆಯಿಂದ ನಮ್ಮ ಹತ್ತು ದಿನದ ಪರ್ವ. ಮುಗಿದ ಮೇಲೆ ಮನೆ ಮನೆಗೆ ಹೋಗಿ ಕೈಮುಗಿದು, ವರ್ಷದಲ್ಲಿ ಮಾಡಿದ ತಪ್ಪಿಗೆ ಕ್ಷಮೆ ಕೇಳುವ ದಿನ. ಇರುವೆಯಿಂದ ಆನೆಯವರೆಗೆ ಎಂಬತ್ತನಾಲ್ಕು ಲಕ್ಷ ಬಗೆಯ ಜೀವಕ್ಕೆಲ್ಲ ಪ್ರತಿ ವರ್ಷ ಕ್ಷಮೆ ಕೇಳುತ್ತೇನೆ, ಹುಕ್ಕೇರಿಯ ಒಂದು ಜೀವ ಬಿಟ್ಟು. ಈ ಸಲ ಅದನ್ನೂ ಸೇರಿಸುತ್ತೇನೆ. ಕೈಮುಗಿದು ಬಂದವನನ್ನು ಆ ದಿನ ಯಾರೂ ಹಾಗೆಯೇ ಕಳಿಸುವಂತಿಲ್ಲ. ಕ್ಷಮೆ ಕೇಳಿದ ಉಸಿರಿನಲ್ಲೇ ಮ್ಯಾಗ್ನೆಟೊ ಕೇಳುವುದು. ಉಪಾಯ ಚೆನ್ನಾಗಿದೆ. ಧರ್ಮಕ್ಕೂ ಆಯಿತು, ಎಂಜಿನ್ನಿಗೂ ಆಯಿತು.

ಗೋಕಾಕ, ೮ ಸೆಪ್ಟೆಂಬರ್, ಅನಂತ ಚತುರ್ದಶಿ

ಉಪವಾಸ. ಬಸದಿಯಲ್ಲಿ ಬೆಳಗಿನಿಂದ ಕುಳಿತಿದ್ದೆ.

ಸಂಕೇಶ್ವರದ ರಸ್ತೆಗೆ ಹೋದ ದಿನ ನಾನು ಎಣ್ಣೆ ನೋಡಿರಲಿಲ್ಲ. ಇಷ್ಟೇ. ಬರೆದಾಯಿತು.

ಹುಕ್ಕೇರಿ, ೧೦ ಸೆಪ್ಟೆಂಬರ್, ಶನಿವಾರ

ಅಣ್ಣನ ಮನೆಯ ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಎಲ್ಲವನ್ನೂ ಸಾವಕಾಶವಾಗಿ ಬರೆಯಬೇಕು.

ಬೆಳಿಗ್ಗೆ ಎಂಜಿನ್ನನ್ನು ಮರದ ಚೌಕಟ್ಟಿನ ಸಮೇತ ಅಲ್ಲಪ್ಪನ ಲಾರಿಗೆ ಹೇರಿದೆವು. ಮುಂದೆ ತಾರಾಬಾಯಿ ಕುಳಿತಳು. ನಾನು ಹಿಂದೆ, ಎಂಜಿನ್ನು ಹಿಡಿದು, ಬೆಲ್ಲದ ಪೆಂಟೆಗಳ ಮೇಲೆ. ಹನ್ನೆರಡು ವರ್ಷದ ನೇಮದವನಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ನೊಣಗಳೂ ನನ್ನನ್ನು ನೋಡಿ ಮರುಗಿರಬೇಕು.

ಲಾರಿ ಓಣಿಗೆ ತಿರುಗಿದಾಗ ಅಣ್ಣ ಕಟ್ಟೆಯ ಮೇಲೆ ಕುಳಿತಿದ್ದ. ಮುದುಕನಾಗಿದ್ದಾನೆ. ಯಾರೂ ನನಗೆ ಅದನ್ನು ಹೇಳಿರಲಿಲ್ಲ. ಲಾರಿಯ ಸದ್ದಿಗೆ ತಲೆ ಎತ್ತಲಿಲ್ಲ, ನೆರಳು ಬಿದ್ದ ಮೇಲೆ ಎತ್ತಿದ. ನಾನು ಇಳಿದು ಹೋಗಿ ಕೈಮುಗಿದು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಬಡಬಡನೆ ಹೇಳಿದೆ. "ಅಣ್ಣಾ, ಉತ್ತಮ ಕ್ಷಮಾ. ನನ್ನಿಂದ ಏನರ ತಪ್ಪ ಆಗಿದ್ರ ಕ್ಷಮಾ ಮಾಡ."

"ಏನ?" ಎಂದು ಬಲಗಿವಿಗೆ ಕೈ ಹಿಡಿದ.

ಜೋರಾಗಿ ಹೇಳಿದೆ. ಎದುರು ಮನೆಯ ಸುಂದ್ರವ್ವ ಹೊರಗೆ ಬಂದಳು.

"ತಪ್ಪ ಆಗಿದ್ರ ಅಂದ್ರ? ಆಗೇತೋ ಇಲ್ಲೋ? ಜೋರ ಹೇಳೋ, ಕಿವಿ ಮಂದ ಆಗ್ಯಾವ."

ಆಮೇಲೆ ನಾನು ಕೂಗಿದ್ದು ಬಸದಿಯವರೆಗೂ ಕೇಳಿಸಿತಂತೆ. "ಎಣ್ಣಿ ನೋಡದ ಓಡಿಸಿದಾಂವ ನಾನ! ಕೊಳವಿ ಒಡದಿರಲಿಲ್ಲ! ನಾ ಸುಳ್ಳ ಹೇಳಿದ್ನಿ!"

"ಅದು ಓಣಿಗೆಲ್ಲಾ ಅವತ್ತ ಗೊತ್ತಿತ್ತಲ್ಲೋ ಕುಂಥಪ್ಪಾ" ಎಂದಳು ಸುಂದ್ರವ್ವ.

ಅಣ್ಣ ಎದ್ದು ನಿಂತ. "ನನಗೂ ಗೊತ್ತಿತ್ತು" ಎಂದ. "ಮೊದಲನೇ ಸಲ ಹೇಳಿದ್ದೂ ಕೇಳಿಸಿತ್ತು." ನನಗೆ ಸಿಟ್ಟು ಬರಬೇಕಿತ್ತು, ಬರುವುದರೊಳಗೆ ಅವನೂ ಕೈಮುಗಿದುಬಿಟ್ಟಿದ್ದ. ಕಿವಿ ಕೇಳದವರ ದೊಡ್ಡ ದನಿಯಲ್ಲಿ, ಇಡೀ ಓಣಿಗೆ ಕೇಳುವಂತೆ, "ನಾ ಕೈ ಎತ್ತಬಾರದಿತ್ತೋ ತಮ್ಮಾ. ಹಿಂಗ ಎಲ್ಲಾರ ಮುಂದ ಎತ್ತಿದ್ನಿ, ಅದಕ್ಕ ಎಲ್ಲಾರ ಮುಂದ ಕೇಳತೇನಿ, ಕ್ಷಮಾ ಮಾಡ" ಎಂದ. ಅದೇ ಕೈಯನ್ನು ಅದೇ ಕಪಾಳದ ಮೇಲೆ ಇಟ್ಟ. ನಾನು ಅತ್ತೆ. ಬರೆಯಲು ನಾಚಿಕೆಯೇನಿಲ್ಲ, ಓಣಿಯವರೆಲ್ಲ ನೋಡಿದ್ದಾರೆ.

ಮ್ಯಾಗ್ನೆಟೊ ಕೇಳುವುದು ಮರೆತೇ ಹೋಯಿತು. ಅವನೇ ಟ್ರಂಕು ತೆಗೆದ. ಹಳೆಯ ಧೋತರದಲ್ಲಿ ಸುತ್ತಿಟ್ಟಿದ್ದ. ಒಂದು ಚುಕ್ಕೆ ಜಂಗಿಲ್ಲ, ಬೆರಳಿನಿಂದ ತಿರುವಿದರೆ ಚಿಟ್ಟೆಂದು ಕಿಡಿ ಹಾರಿತು. ಪ್ರತಿ ಹುಣ್ಣಿಮೆಗೆ ಒಂದು ಹನಿ ಎಣ್ಣೆ ಬಿಟ್ಟು ತಿರುವಿ ಇಡುತ್ತಿದ್ದನಂತೆ.

"ಎಂಜಿನ್ ಕೆಮ್ಮೂದ ಸುದ್ದಾ ಇಲ್ಲ ಅಂದಾಂವ, ಇದಕ್ಕ ಯಾಕ ಎಣ್ಣಿ ಬಿಡತಿದ್ದಿ?" ಎಂದು ಕೂಗಿ ಕೇಳಿದೆ.

"ಹಂಗ ಅನ್ನದಿದ್ರ ನೀ ಏಳತಿದ್ದೇನ? ಬಾ ಅಂದ್ರ ಬರಾಂವಲ್ಲ ನೀ. ಅದಕ್ಕ ಅಲ್ಲಪ್ಪನ ಮುಂದ ಅಂದ್ನಿ, ಅಂವಾ ಹೊಟ್ಟ್ಯಾಗ ಇಟಗೊಳ್ಳಾಂವಲ್ಲ." ಅಲ್ಲಪ್ಪ ಲಾರಿಯ ಟೈರು ನೋಡುತ್ತ ನಿಂತ.

ಅಂಗಳದಲ್ಲಿ ಎಂಜಿನ್ನು ಇಳಿಸಿದೆವು. ಅಣ್ಣ ಮ್ಯಾಗ್ನೆಟೊ ಕೂಡಿಸಿ ತನ್ನ ಗೀಚಿಗೆ ಹೊಂದಿಸಿದ. ನನ್ನ ಕೈಗೆ ಬಲವಿಲ್ಲ, ಹ್ಯಾಂಡಲ್ ಅಲ್ಲಪ್ಪನಿಗೆ ಕೊಟ್ಟೆವು. ಮೂರನೆಯ ಸಲ ತಿರುವಿದಾಗ ಎಂಜಿನ್ ಕಪ್ಪು ಹೊಗೆ ಬಿಟ್ಟು ಗೊಕ್ ಎಂದು ನಿಂತಿತು. "ಕೆಮ್ಮತ್ರೀ! ಕೆಮ್ಮತು!" ಎಂದು ಅಲ್ಲಪ್ಪ ಕುಣಿದ.

ಆಗ ಅಣ್ಣ ಉದ್ದನೆಯ ಸ್ಕ್ರೂಡ್ರೈವರ್ ತರಿಸಿದ. ತುದಿಯನ್ನು ಬ್ಲಾಕಿಗೆ ಇಟ್ಟ. ಕಟ್ಟಿಗೆಯ ಹಿಡಿಯನ್ನು ಕಿವಿಗೆ ಒಯ್ಯಲಿಲ್ಲ, ಹಲ್ಲಿನಲ್ಲಿ ಕಚ್ಚಿಕೊಂಡ. ಕಣ್ಣು ಮುಚ್ಚಿದ. ಎಡಗೈಯಿಂದ ಮ್ಯಾಗ್ನೆಟೊವನ್ನು ಕೂದಲೆಳೆಯಷ್ಟು ಸರಿಸಿ, ತಿರುವು ಎಂದು ಅಲ್ಲಪ್ಪನಿಗೆ ಕೈಮಾಡಿದ.

ಎದ್ದಿತು! ನಾಲ್ಕೂ ಸಿಲಿಂಡರ್ ಒಟ್ಟಿಗೆ ಎದ್ದವು. ಮೇಲಿನ ಮನೆಯ ಎತ್ತು ಕಣ್ಣಿ ಹರಿದುಕೊಂಡು ಓಡಿತು. ಬಸದಿಯಿಂದ ಬರುತ್ತಿದ್ದವರು ಕ್ಷಮೆ ಕೇಳುವುದನ್ನು ಬಿಟ್ಟು ಕಿವಿ ಮುಚ್ಚಿಕೊಂಡರು. ಸೆರಗು ಬಾಯಿಗೆ ಒತ್ತಿಕೊಂಡು ವೈನಿಯೂ ತಾರಾಬಾಯಿಯೂ ನಗುತ್ತಿದ್ದರು. ನಾನು ಎಂಜಿನ್ನು ನೋಡಲಿಲ್ಲ, ಅಣ್ಣನ ಮುಖ ನೋಡಿದೆ. ಹಲ್ಲು ಕಚ್ಚಿ ಹಿಡಿದೇ ನಗುತ್ತಿದ್ದ. ಕೇಳುತ್ತಿದೆಯೇ ಎಂದು ಕೈಸನ್ನೆ ಮಾಡಿದೆ. ಬಾಯಿಂದ ಹಿಡಿ ತೆಗೆದು, "ಮೂರನೇದರ ವಾಲ್ವ್ ಬಿಗಿ ಐತಿ, ಲಗಾಮ್ ಹಾಕಿದಂಗ ಓಡಾಕತ್ತೇತಿ" ಎಂದ. ನಿಲ್ಲಿಸಿ ಬಿಚ್ಚಿ ನೋಡಿದೆ. ಬಿಗಿ ಇತ್ತು. ನನಗೆ ಕೇಳಿಸಿರಲೇ ಇಲ್ಲ.

ಹೊತ್ತು ಮುಳುಗುವ ಮೊದಲು ಊಟಕ್ಕೆ ಕುಳಿತೆವು. ಎಲೆಯ ಮೇಲೆ ಹೋಳಿಗೆ. ನನ್ನ ನೇಮ ಮುಗಿದಿತ್ತು, ಆದರೂ ಕೈ ಹೋಗಲಿಲ್ಲ. ಅಣ್ಣನ ಎಲೆ ನೋಡುತ್ತ ಕುಳಿತೆ. ವೈನಿ ತುಪ್ಪದ ಗಿಂಡಿಯನ್ನು ನನ್ನ ಎಲೆಗೆ ತಂದರು, ಅಭ್ಯಾಸದಂತೆ ಅವನ ಎಲೆ ದಾಟಿ ಹೋಗುತ್ತಿದ್ದರು. "ನನಗೂ ಹಾಕ" ಎಂದ ಅಣ್ಣ. ವೈನಿ ಅಲ್ಲೇ ನಿಂತರು. "ತಮ್ಮ ಬಂದ ಹೊಸ್ತಿಲಾ ದಾಟಿದನಲ್ಲ. ಹಾಕ ಇನ್ನ."

ಅದು ಪಿತ್ತವಾಗಿರಲಿಲ್ಲ.

ನಾಲ್ಕು ಹೋಳಿಗೆ ತಿಂದೆ. ಐದು ಎನ್ನುತ್ತಾಳೆ ತಾರಾಬಾಯಿ.

ಗೋಕಾಕ, ೧೨ ಸೆಪ್ಟೆಂಬರ್

ಇವತ್ತು ಮರಳಿದೆವು. ಎಮ್ಮೆಯ ಸುದ್ದಿ ಅಣ್ಣನಿಗೆ ಕೂಗಿ ಹೇಳಿದೆ, ಶೆಟ್ಟೆವ್ವನಿಗೆ ಕೊಟ್ಟ ಮಾತು ಉಳಿಯಿತು.

ಹೊರಡುವಾಗ ಎಂಜಿನ್ನು ಎಲ್ಲಿರಬೇಕೆಂಬ ಮಾತು ಬಂತು. ಇಲ್ಲೇ ಇರಲಿ, ನಿನ್ನ ಕಿವಿಗೆ ಬೇಕು ಎಂದೆ. ಕಿವಿ ಹೋದರೂ ಹಲ್ಲು ಇವೆ, ಅಕ್ಕನ ಹಾಗೆ ಆಗುವವರೆಗೆ ಚಿಂತೆಯಿಲ್ಲ ಎಂದ. ಲಾರಿ ಹತ್ತಿದ ಮೇಲೆ ನನ್ನ ಚೀಲ ಭಾರವೆನಿಸಿ ತೆಗೆದು ನೋಡಿದೆ. ಧೋತರದ ಗಂಟು. ಮ್ಯಾಗ್ನೆಟೊ!

ಲಾರಿ ನಿಲ್ಲಿಸಿ ಕೂಗಿದೆ. "ಇದಿಲ್ಲದ ಎಂಜಿನ್ ಹೆಂಗ ಏಳತೈತೋ ಅಣ್ಣಾ?"

ಅವನು ಕಟ್ಟೆಯ ಮೇಲೆ ಕುಳಿತೇ ಇದ್ದ. "ಏಳಂಗಿಲ್ಲ" ಎಂದ. "ಅದಕ್ಕ ನಿನ್ನ ಕಡೆ ಇಟ್ಟೇನಿ. ಮುಂದಿನ ಶನಿವಾರ ತಗೊಂಡ ಬಾ."

ಪಂಚರು ಮಾಡಿದ ಹಿಸ್ಸೆ ಈಗ ಅದಲುಬದಲಾಗಿ ಮತ್ತೆ ಆಗಿದೆ, ಬ್ಲಾಕು ಅಲ್ಲಿ, ಮ್ಯಾಗ್ನೆಟೊ ಇಲ್ಲಿ. ತಾರಾಬಾಯಿ ಕರದಂಟು ತರಿಸಿದ್ದಳು, ಒಂದು ಭಾಗ ಅಣ್ಣನಿಗೆಂದು ಕಟ್ಟಿಟ್ಟಿದ್ದೇನೆ. ಮ್ಯಾಗ್ನೆಟೊಗೆ ಒಂದು ಹನಿ ಎಣ್ಣೆ ಬಿಟ್ಟು ತಿರುವಿ ಟ್ರಂಕಿನಲ್ಲಿ ಇಟ್ಟೆ. ಶನಿವಾರಕ್ಕೆ ಇನ್ನೂ ಐದು ದಿನ ಇದೆ.